ಮೂರನೆಯ ಬೋರು ಮುಚ್ಚಿರಲಿಲ್ಲ

ತೊಂಬತ್ತೊಂಬತ್ತನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಕಳೆದಿತ್ತು. ಲಾಸ್ ಆಲ್ಟೋಸ್‌ನ ಒಂದು ಮನೆಯ ಹಿತ್ತಲಿನಲ್ಲಿ, ಮರದ ಬೇಲಿಗೆ ಬೆನ್ನು ಮಾಡಿಕೊಂಡು, ಮೂರನೆಯ ಬೋರಿನ ಬಾಯಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಆ ಬೋರನ್ನು ತಳದಿಂದ ಬಾಯಿಯವರೆಗೆ ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಅದೇ ದಿನ ಸರ್ಕಾರಿ ಕಾಗದವೊಂದಕ್ಕೆ ಸಹಿ ಹಾಕಿದೆ. ಅದನ್ನು ಮುಚ್ಚಿರಲಿಲ್ಲ. ಮುಚ್ಚಿಲ್ಲ ಎಂಬುದು ಸಹಿ ಹಾಕುವಾಗ ನನಗೆ ಗೊತ್ತಿತ್ತು.

ನಾಲ್ಕು ಹೆಜ್ಜೆ ಎಂದು ಅಂದಾಜಿಗೆ ಹೇಳುತ್ತಿಲ್ಲ. ಆಮೇಲೆ ಒಂದು ದಿನ ಹೋಗಿ ಅಳೆದಿದ್ದೇನೆ. ಅಷ್ಟು ಹತ್ತಿರದಿಂದ ಕಾಣದೆ ಹೋಗಿರಬಹುದೇ ಎಂದು ನನ್ನನ್ನೇ ಕೇಳಿಕೊಳ್ಳಲು ಹೋಗಿದ್ದೆ — ಕಾಣದೆ ಹೋಗಲು ಸಾಧ್ಯವಿಲ್ಲ.

ನನ್ನ ಹೆಸರು ವಾಸುದೇವ. ಮೈಸೂರಿನವನು. ಆಗ ರೆಡ್‌ವುಡ್ ಸಿಟಿಯ ಒಂದು ಸಣ್ಣ ಕಚೇರಿಯಲ್ಲಿ ಕೆಲಸ. ದೊಡ್ಡ ದೊಡ್ಡ ಸಾಫ್ಟ್‌ವೇರ್ ಕಟ್ಟಡಗಳನ್ನು ಬಿಸಿಯಾಗಿ, ತಂಪಾಗಿ ಇಡುವ ಪೈಪುಗಳ ಲೆಕ್ಕ ಹಾಕುವುದು ನಮ್ಮ ಕಸುಬು. ಆ ಕಟ್ಟಡಗಳ ಒಳಗೆ ಕೂರುವ ನಮ್ಮವರು ವಾರಾಂತ್ಯದ ಊಟಗಳಲ್ಲಿ ಸಿಕ್ಕಾಗ ಷೇರಿನ ಬೆಲೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಪುಳಿಯೋಗರೆ ಬಡಿಸಿಕೊಳ್ಳುತ್ತಾ ಯಾರಾದರೂ ಕೇಳುತ್ತಿದ್ದರು: “ವಾಸು, ನಿಮ್ಮ ಪೈಪಿನ ಕಂಪನಿ ಐಪಿಓ ಯಾವಾಗ?” ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿನ ಕೆಳಗೆ ಏನಿತ್ತು ಎಂಬುದು ಈ ಕಥೆಗೆ ಸಂಬಂಧಿಸಿದ್ದು, ಅದಕ್ಕೇ ಹೇಳಿದೆ.

ಮನೆ ನಾಗರಾಜನದು. ದೊಡ್ಡಬಳ್ಳಾಪುರದ ಕಡೆಯವನು, ಒಳ್ಳೆಯ ಕೆಲಸ, ಒಳ್ಳೆಯ ಮನಸ್ಸು. ಹೊಸದಾಗಿ ಕೊಂಡ ಹಳೆಯ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಅವನು ಜಿಯೋಥರ್ಮಲ್ ಹೀಟ್ ಪಂಪ್ ಹಾಕಿಸಲು ಹೊರಟಿದ್ದ. ನೆಲದ ಆಳದಲ್ಲಿ ಬೇಸಿಗೆ ಚಳಿಗಾಲಗಳ ಏರುಪೇರು ಇಲ್ಲ. ಬೋರು ಕೊರೆದು, ಅದರೊಳಗೆ ಹೋಗಿ ಬರುವ ಪ್ಲಾಸ್ಟಿಕ್ ಪೈಪು ಇಳಿಸಿ, ಪೈಪಿನಲ್ಲಿ ನೀರು ತಿರುಗಿಸಿದರೆ ಆಳದ ಬಿಸಿ ಮೇಲೆ ಬರುತ್ತದೆ. ಗ್ಯಾಸು ಉರಿಸುವುದು ತಪ್ಪುತ್ತದೆಂದು ಸರ್ಕಾರ ಅದಕ್ಕೆ ಸಬ್ಸಿಡಿ ಕೊಡುತ್ತಿತ್ತು. ನಾಗರಾಜನಿಗೆ ಆಗ ಹಣದ ಕೊರತೆ ಇರಲಿಲ್ಲ. ಆದರೆ ಸಬ್ಸಿಡಿ ಎಂಬುದನ್ನು ಬಿಡಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ಜೊತೆಗೆ ನಮ್ಮ ಪೈಕಿ ಇದನ್ನು ಪಡೆದ ಮೊದಲಿಗ ಅವನಾಗುತ್ತಿದ್ದ.

ಒಂದು ಷರತ್ತಿತ್ತು. ಪೈಪು ಇಳಿಸಿದ ಮೇಲೆ ಬೋರನ್ನು ಜೇಡಿಮಣ್ಣು, ಸಿಮೆಂಟು ಕಲಸಿದ ಗಂಜಿಯಿಂದ ತಳದಿಂದ ಬಾಯಿಯವರೆಗೆ ತುಂಬಬೇಕು. ಇಲ್ಲದಿದ್ದರೆ ಮೇಲಿನ ಕೊಳೆ ಬೋರಿನ ಮೂಲಕ ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ತುಂಬುವುದನ್ನು ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬ ನಿಂತು ನೋಡಿ ಸಹಿ ಹಾಕಬೇಕು. ಸ್ಥಳೀಯ ನೀರಿನ ಕಚೇರಿಯ ತಪಾಸಣೆಗಾರರು ಶನಿವಾರ ಬರುತ್ತಿರಲಿಲ್ಲ; ಎಂಜಿನಿಯರ್ ಸಹಿ ಸಾಕೆಂದು ಒಪ್ಪಿದ್ದರು.

“ರೀ ವಾಸು, ಸಾಫ್ಟ್‌ವೇರಿನೋರು ನಾವು ಗುಂಪುಗುಂಪಾಗಿ ಇದೀವಿ, ಕೆಲ್ಸಕ್ಕೆ ಬರೋ ಎಂಜಿನಿಯರು ನೀವೊಬ್ರೇ ಕಣ್ರೀ,” ಎಂದು ನಾಗರಾಜ ಎಲ್ಲರೆದುರು ಹೇಳಿದ್ದ. ಆ ಮಾತು ನನಗೆ ಎಷ್ಟು ದಿನ ಸಿಹಿಯಾಗಿತ್ತೆಂದರೆ — ಇರಲಿ.

ಬೋರು ಕೊರೆಯಲು ಬಂದವರು ಮ್ಯಾನುಯೆಲ್. ಆಗ ಐವತ್ತರ ಆಸುಪಾಸು. ಅವರ ತಂದೆಯೂ ಬಾವಿ ಕೊರೆಯುವವರೇ; ಲಾಸ್ ಆಲ್ಟೋಸ್ ಎಲ್ಲ ಏಪ್ರಿಕಾಟ್ ತೋಟವಾಗಿದ್ದ ಕಾಲದಲ್ಲಿ ತೋಟಗಳಿಗೆ ಬಾವಿ ತೋಡಿದವರು. ಶುಕ್ರವಾರ ಮಧ್ಯಾಹ್ನ ಮೊದಲ ಎರಡು ಬೋರುಗಳನ್ನು ತುಂಬುವಾಗ ಮ್ಯಾನುಯೆಲ್ ನನ್ನನ್ನು ಬೇಲಿಯ ಹತ್ತಿರ ಕರೆದು ಆಚೆ ತೋರಿಸಿದರು. ಪಕ್ಕದ ಮನೆಯ ಹಿತ್ತಲಿನಲ್ಲಿ ಐದಾರು ಮುದಿ ಏಪ್ರಿಕಾಟ್ ಮರಗಳು, ಒಂದು ತಗಡಿನ ಗೂಡು.

“ಅದು ರೋಸ್ ಅವರ ಬಾವಿ. ನಮ್ಮಪ್ಪ ಕೊರೆದದ್ದು. ಈಗಲೂ ಅದೇ ನೀರು ಕುಡಿಯುತ್ತಾರೆ. ಅದಕ್ಕೇ ನಾನು ಇಲ್ಲಿ ಒಂದು ಬೆರಳಷ್ಟು ಜಾಗವನ್ನೂ ಖಾಲಿ ಬಿಡುವುದಿಲ್ಲ,” ಎಂದು ಇಂಗ್ಲಿಷಿನಲ್ಲಿ, ತಮ್ಮಷ್ಟಕ್ಕೆ ತಾವು ಹೇಳಿಕೊಳ್ಳುವವರಂತೆ ಹೇಳಿದರು.

ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಶುಕ್ರವಾರವೇ ಮುಚ್ಚಿತು.

ಆ ಎರಡು ಬೋರುಗಳನ್ನು ಅವರು ಸರಿಯಾಗಿ ತುಂಬಿದರು. ನಾನು ಗಂಜಿ ಬಾಯಿಗೆ ಉಕ್ಕಿ ಬರುವವರೆಗೆ ನಿಂತು ನೋಡಿದೆ. ಸಂಜೆ ಮನೆಗೆ ಹೋಗಿ, ಅಚ್ಚುಕಟ್ಟಿನ ಮನುಷ್ಯನಾದ್ದರಿಂದ, ಮೂರೂ ಬೋರುಗಳಿಗೆ ಫಾರ್ಮ್ ತುಂಬಿಟ್ಟೆ. ಮೂರನೆಯದರ ಎದುರು ವೇಳೆಯೊಂದನ್ನು ಮಾತ್ರ ಖಾಲಿ ಬಿಟ್ಟೆ. ಸೋಮವಾರ ಅದು ಕಚೇರಿಗೆ ತಲುಪದಿದ್ದರೆ ಆ ವರ್ಷದ ಸಬ್ಸಿಡಿ ಇಲ್ಲ. ಶನಿವಾರ ಬೆಳಿಗ್ಗೆ ಮ್ಯಾನುಯೆಲ್ ಕೆಲಸ ಶುರುಮಾಡುವ ಮೊದಲೇ ತಮ್ಮ ಜಾಗದಲ್ಲಿ ಸಹಿ ಹಾಕಿಕೊಟ್ಟರು. ಅದು ಅವರ ರೂಢಿ. ಕೈ ಕೆಸರಾಗುವ ಮೊದಲು ಕಾಗದದ ಕೆಲಸ ಮುಗಿಸಬೇಕು, ಇಲ್ಲದಿದ್ದರೆ ಕಚೇರಿಯವರು ಬೈಯುತ್ತಾರೆ ಎಂದು ನಕ್ಕರು.

ಮೂರನೆಯ ಬೋರಿನಲ್ಲಿ ನೀರು ಸಿಕ್ಕಿತು.

ಮೊದಲ ಎರಡರಲ್ಲಿ ಹಸಿ ಜೇಡಿ ಮಾತ್ರ ಬಂದಿತ್ತು. ಇದು ಬೇಲಿಗೆ ಹತ್ತಿರ. ಕೆಳಗೆ ಹಳೆಯ ತೊರೆಯ ಜಲ್ಲಿ ಪದರ. ಕೊರೆಯುವ ಯಂತ್ರದ ಗಾಳಿಗೆ ಮೊದಲು ಕೆಂಪು ಕೆಸರು, ಆಮೇಲೆ ಬೂದು ನೀರು, ಆಮೇಲೆ — ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೋರಿನಿಂದ ನೀರು ಆಳೆತ್ತರ ಚಿಮ್ಮುವುದನ್ನು ಕಂಡರೆ ನಮ್ಮ ಮೈ ಏನಾಗುತ್ತದೆಂದು ಬೇರೆ ಯಾರಿಗೂ ತಿಳಿಯದು.

ನಾಗರಾಜನ ತಾಯಿ ಗೌರಮ್ಮನವರು ಆರು ತಿಂಗಳಿಗೆಂದು ಬಂದಿದ್ದರು. ಹಿಂದಿನ ದಿನವೆಲ್ಲ ಕುರ್ಚಿ ಹಾಕಿಕೊಂಡು ಕೂತು, ಎರಡು ಬೋರು ‘ಫೇಲಾದದ್ದನ್ನು’ ನೋಡಿ ಸಂಕಟಪಟ್ಟಿದ್ದರು. ನೀರು ಬೇಕಾಗಿಯೇ ಇಲ್ಲ ಎಂದು ಮಗ ಎಷ್ಟು ಹೇಳಿದರೂ ಅವರ ತಲೆಗೆ ಹೋಗಿರಲಿಲ್ಲ. ಈಗ ಎದ್ದು ಚಪ್ಪಲಿ ಬಿಟ್ಟರು. ಒಳಗೆ ಹೋಗಿ ಅರಿಸಿನ, ಕುಂಕುಮ, ತೆಂಗಿನಕಾಯಿ, ಒಂದು ಸ್ಟೀಲಿನ ಚೊಂಬು ತಂದರು. ಸೊಸೆ ಸುಧಾ ಊದುಬತ್ತಿ ಹಚ್ಚಿಕೊಟ್ಟರು. ಮ್ಯಾನುಯೆಲ್ ಏನೂ ಕೇಳದೆ ಯಂತ್ರ ನಿಲ್ಲಿಸಿ ಟೋಪಿ ತೆಗೆದರು. ಅವರ ಜೊತೆ ಕೆಲಸ ಮಾಡುತ್ತಿದ್ದ ತಮ್ಮ ಆ ಹೊತ್ತಿಗೆ ಗಂಜಿ ಕಲಸುವ ಚೀಲಗಳನ್ನು ಇಳಿಸಿ, ಲಾರಿ ತೆಗೆದುಕೊಂಡು ಬೇರೆ ಕೆಲಸಕ್ಕೆ ಹೋಗಿದ್ದ; ಆ ದಿನ ಮತ್ತೆ ಬರಲಿಲ್ಲ. ಹಿತ್ತಲಿನಲ್ಲಿ ಇದ್ದವರು ನಾವು ಐವರೇ.

ಗೌರಮ್ಮನವರು ಯಂತ್ರದ ಕಬ್ಬಿಣದ ಅಂಚಿಗೆ ಕಾಯಿ ಒಡೆದರು. ಒಂದು ಚೂರನ್ನು ಮ್ಯಾನುಯೆಲ್ ಕೈಗೆ ಕೊಟ್ಟರು. ಅವರು ಅದನ್ನು ತಿಂದರು. ನೀರು ತಿಳಿಯಾಗುತ್ತಿತ್ತು. ಚೊಂಬಿನಲ್ಲಿ ಹಿಡಿದು ನಮ್ಮೆಲ್ಲರ ಮೇಲೆ ಎರಡು ಹನಿ ಹಾಕಿದರು. ನಾನು ಕಣ್ಣಿಗೊತ್ತಿಕೊಂಡೆ.

ಆಮೇಲೆ, ಮುಂದೇನು ಮಾಡುತ್ತಾರೆಂದು ಮಗ ಹೇಳಿದ.

“ಏನ್ ಮಗಾ, ಸರ್ಕಾರ್ದೋರು ದುಡ್ಡು ಕೊಟ್ಟು ಗುಂಡಿ ತೋಡುಸ್ತಾರೆ, ನೀರು ಬಂದ್ರೆ ಮುಚ್ಚು ಅಂತಾರೆ? ಇದ್ಯಾವ ಸೀಮೆ ಸರ್ಕಾರ?” ಎಂದರು ಗೌರಮ್ಮ. ನಾವು ನಕ್ಕೆವು. ಅವರು ನಗಲಿಲ್ಲ. “ಗಂಗಮ್ಮ ತಾನಾಗೇ ಬಂದವ್ಳೆ. ಈಗ್ ತಾನೆ ಕುಂಕುಮ ಇಟ್ಟಿವ್ನಿ. ಅವ್ಳ ಬಾಯಿಗೆ ಸಿಮೆಂಟು ಹಾಕ್ತೀರಾ? ನಾನಿರೋ ಗಂಟ ಬ್ಯಾಡ. ನಾನು ಹೋದ್ಮ್ಯಾಗೆ ಏನಾರ ಮಾಡ್ಕಳಿ.”

ನಾಗರಾಜ ನನ್ನನ್ನು ನೋಡಿದ. ಜಲ್ಲಿ ಪದರದ ಕೆಳಗಿನವರೆಗೆ ಮಾತ್ರ ಗಂಜಿ ತುಂಬಿ, ಅಲ್ಲಿಂದ ಮೇಲೆ ಗರಸು ಹಾಕಿ, ಒಂದು ಸಣ್ಣ ಪೈಪು ಬಿಟ್ಟರೆ ಹೇಗೆ ಎಂದ. ಗಿಡಕ್ಕೆ ನೀರೂ ಆಯಿತು, ಅಮ್ಮನ ಮನಸ್ಸೂ ಉಳಿಯಿತು. “ಬಿಸಿಗೇನೂ ತೊಂದ್ರೆ ಇಲ್ವಲ್ಲ? ಟೆಕ್ನಿಕಲಿ?”

ಬಿಸಿಗೆ ತೊಂದರೆ ಇರಲಿಲ್ಲ.

ಮ್ಯಾನುಯೆಲ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ತಲೆಯಾಡಿಸಿದರು. ಆಗುವುದಿಲ್ಲ. ಮತ್ತೆ ಬೇಲಿಯ ಕಡೆ ಕೈ ತೋರಿಸಿದರು. ನಾಗರಾಜ ಮೆಲ್ಲಗೆ ನನ್ನ ತೋಳು ಮುಟ್ಟಿ, “ನೀವು ಹೇಳಿ ವಾಸು. ಎಂಜಿನಿಯರು ನೀವು. ನೀವು ಹೇಳಿದ್ರೆ ಮುಗೀತು,” ಎಂದ.

ಗೌರಮ್ಮನವರ ಭಕ್ತಿಗೆ ಮಣಿದು ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕಣ್ಣಿಗೊತ್ತಿಕೊಂಡದ್ದು ನಿಜ. ಆದರೆ ಆ ಹೊತ್ತಿನಲ್ಲಿ ನನ್ನನ್ನು ಹಿಡಿದದ್ದು ಅದಲ್ಲ. ‘ನೀವು ಹೇಳಿದ್ರೆ ಮುಗೀತು’ — ಆ ಮಾತು. ಆ ಊರಿನಲ್ಲಿ ಅಲ್ಲಿಯವರೆಗೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ನಾನು ಮ್ಯಾನುಯೆಲ್ ಹತ್ತಿರ ಹೋಗಿ ಹೇಳಿದೆ: “ಪರವಾಗಿಲ್ಲ. ಹಾಗೆಯೇ ಮಾಡಿ. ಜವಾಬ್ದಾರಿ ನನ್ನದು.”

ಅವರು ಕೈಗವಸು ಕಳಚಿದರು. “ಸಹಿ ನಿಮ್ಮದು ತಾನೆ?”

“ನನ್ನದೇ.”

“ಫಾರ್ಮಿನಲ್ಲಿ ಬದಲಾಯಿಸಿ ಬರೆಯುತ್ತೀರಿ ತಾನೆ? ಇದು ಪೂರ್ತಿ ತುಂಬಿಲ್ಲ ಎಂದು?”

“ಬರೆಯುತ್ತೇನೆ.”

ಗೌರಮ್ಮನವರ ಕಡೆ ತಿರುಗಿ, “ಮುಚ್ಚಲ್ಲಮ್ಮ, ನಾನಿದ್ದೀನಲ್ಲ,” ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಸುಧಾ ಹಿತ್ತಲ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಖುಷಿ ಇರಲಿಲ್ಲ. ಅದನ್ನು ಆಗಲೇ ಗಮನಿಸಿದೆ.

ಫಾರ್ಮಿನಲ್ಲಿ ನಾನು ಏನೂ ಬದಲಾಯಿಸಲಿಲ್ಲ. ಬದಲಾಯಿಸಿದರೆ ಸಬ್ಸಿಡಿ ಇಲ್ಲ. ಬೇರೆ ಫಾರ್ಮ್ ತರಲು ಸೋಮವಾರಕ್ಕೆ ಮೊದಲು ಸಮಯವಿಲ್ಲ. ಗೌರಮ್ಮನವರು ಊರಿಗೆ ಹೋದ ಮೇಲೆ ತುಂಬಿಸಿದರಾಯಿತು, ಆಗ ಬರೆದದ್ದು ನಿಜವಾಗುತ್ತದೆ... ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಖಾಲಿ ಇದ್ದ ಜಾಗದಲ್ಲಿ ‘ಹನ್ನೆರಡೂವರೆ’ ಎಂದು ಬರೆದು ಸಹಿ ಮಾಡಿದೆ. ಅಕ್ಷರ ನೆಟ್ಟಗಿತ್ತು.

ಗೌರಮ್ಮನವರು ಮಾರ್ಚಿನಲ್ಲಿ ಊರಿಗೆ ಹೋದರು. ಬೋರು ತುಂಬಿಸುವ ಮಾತನ್ನು ನಾನು ಆ ಬೇಸಿಗೆಯಲ್ಲಿ ಒಂದು ಸಲ ಎತ್ತಿದೆ. “ನೋಡೋಣ್ರೀ, ಟೊಮ್ಯಾಟೊ ಎಷ್ಟು ಚೆನ್ನಾಗಿ ಬರ್ತಿದೆ,” ಎಂದ ನಾಗರಾಜ. ಮತ್ತೆ ಎತ್ತಲಿಲ್ಲ. ಬದಲಿಗೆ ಒಂದು ಚೀಲ ಟೊಮ್ಯಾಟೊ ಮನೆಗೆ ತಂದೆ.

ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ; ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ರೋಸ್ ಅವರ ಬಾವಿಯ ನೀರಿಗೆ ವಾಸನೆ ಬಂತು. ಎಂಬತ್ತು ದಾಟಿದ ಒಂಟಿ ಹೆಂಗಸು. ಹೊಟ್ಟೆ ಕೆಟ್ಟು ಒಂದು ವಾರ ಆಸ್ಪತ್ರೆಯಲ್ಲಿದ್ದರು. ನೀರಿನ ಕಚೇರಿಯವರು ಸುತ್ತಮುತ್ತ ಈಚೆಗೆ ಕೊರೆದ ಬೋರುಗಳ ಕಾಗದ ತೆಗೆದು ನೋಡಿ, ನಾಗರಾಜನ ಹಿತ್ತಲಿಗೆ ಬಂದು, ಸಣ್ಣ ಪೈಪಿನ ಸುತ್ತಲಿನ ಮಣ್ಣು ಬಿಡಿಸಿದರು. ಕಾಗದದಲ್ಲಿ ತುಂಬಿದ ಬೋರು ನೆಲದಲ್ಲಿ ತುಂಬಿರಲಿಲ್ಲ. ಹುಲ್ಲಿಗೆ ಹಾಕಿದ ಗೊಬ್ಬರ, ಮಳೆನೀರು, ಎಲ್ಲ ಎರಡು ಮಳೆಗಾಲ ಅದರ ಮೂಲಕ ಇಳಿದಿತ್ತು.

ವಿಚಾರಣೆ ಎರಡು ಸಾವಿರದ ಒಂದನೆಯ ಇಸವಿಯ ಕೊನೆಯಲ್ಲಿ. ಅಷ್ಟರಲ್ಲಿ ನಾಗರಾಜನ ಕಂಪನಿ ಬಾಗಿಲು ಹಾಕಿತ್ತು. ಊಟಗಳಲ್ಲಿ ಷೇರಿನ ಮಾತು ನಿಂತು, ಯಾರು ಗಂಟುಮೂಟೆ ಕಟ್ಟಿ ಊರಿಗೆ ಹೊರಟಿದ್ದಾರೆ ಎಂಬ ಮಾತು ಶುರುವಾಗಿತ್ತು. ನನ್ನ ಗ್ರೀನ್ ಕಾರ್ಡ್ ಅರ್ಜಿ ಕಚೇರಿಯೊಂದರಲ್ಲಿ ಬಾಕಿ ಇತ್ತು. ಎಂಜಿನಿಯರ್ ಲೈಸೆನ್ಸ್ ಹೋದರೆ ಕೆಲಸ, ಕೆಲಸ ಹೋದರೆ ಅದು. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ. ಆ ಕೋಣೆಗೆ ಹೋಗುವಾಗ ನನ್ನ ತಲೆಯಲ್ಲಿ ಏನಿತ್ತೆಂದು ಹೇಳುತ್ತಿದ್ದೇನೆ. ಅಲ್ಲಿ ಮ್ಯಾನುಯೆಲ್ ಅವರ ಲೈಸೆನ್ಸ್ ಕೂಡ ಮೇಜಿನ ಮೇಲಿತ್ತು — ಆ ಯೋಚನೆ ನನ್ನ ತಲೆಯಲ್ಲಿ ಇರಲಿಲ್ಲ.

ನನ್ನನ್ನು ಮೂರು ಪ್ರಶ್ನೆ ಕೇಳಿದರು. ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ.

ಮೂರನೆಯ ಬೋರಿಗೆ ಗಂಜಿ ತುಂಬುವುದನ್ನು ನೀವು ನೋಡಿದಿರಾ?

“ಗಂಜಿ ಪಂಪ್ ಮಾಡುವುದನ್ನು ನೋಡಿದೆ.” ನಿಜ. ತಳದಿಂದ ಜಲ್ಲಿಯ ಕೆಳಗಿನವರೆಗೆ ಪಂಪ್ ಮಾಡಿದ್ದರು.

ನೀವು ಹೊರಡುವಾಗ ಕೆಲಸ ಮುಗಿದಿತ್ತೇ?

“ನಾನು ಹೊರಡುವಾಗ ಅವರು ಇನ್ನೂ ಕೆಲಸ ಮಾಡುತ್ತಿದ್ದರು.” ಇದೂ ನಿಜ. ಅವರು ಕೊಳವೆ ತೊಳೆಯುತ್ತಿದ್ದರು.

ಮ್ಯಾನುಯೆಲ್ ತಮ್ಮ ಕುರ್ಚಿಯಿಂದ ಎದ್ದರು. ಜೋರಾಗಿ ಮಾತಾಡಲಿಲ್ಲ. “ಜವಾಬ್ದಾರಿ ನನ್ನದು ಎಂದು ಅವರೇ ಹೇಳಿದರು. ಫಾರ್ಮ್ ಬದಲಾಯಿಸುತ್ತೇನೆ ಎಂದೂ ಹೇಳಿದರು. ಅವರನ್ನು ಕೇಳಿ,” ಎಂದರು.

ವಿಚಾರಣೆಯವರು ನನ್ನನ್ನು ಕೇಳಿದರು.

“ಅಂಥ ಮಾತು ಆಡಿದ ನೆನಪು ನನಗಿಲ್ಲ,” ಎಂದೆ.

ನಾಗರಾಜನನ್ನು ಕೇಳಿದಾಗ ಅವನು, ತಾಂತ್ರಿಕ ವಿಷಯ ತನಗೆ ತಿಳಿಯದು, ಎಂಜಿನಿಯರೂ ಗುತ್ತಿಗೆದಾರರೂ ಮಾತಾಡಿಕೊಂಡರು, ಏನು ಮಾತಾಡಿದರೋ ದೂರದಲ್ಲಿದ್ದೆ ಎಂದ. ಅವನು ನನ್ನ ತೋಳು ಮುಟ್ಟುವಷ್ಟು ಹತ್ತಿರದಲ್ಲಿದ್ದ. ಸುಧಾ ಅವರನ್ನು ಯಾರೂ ಕರೆಸಿರಲಿಲ್ಲ. ಗೌರಮ್ಮನವರು ಊರಿನಲ್ಲಿದ್ದರು.

ಎಂಜಿನಿಯರ್ ಹೋದ ಮೇಲೆ ಗುತ್ತಿಗೆದಾರ ಕೆಲಸ ಅರ್ಧಕ್ಕೆ ಬಿಟ್ಟ, ಮೊದಲೇ ಸಹಿ ಹಾಕಿದ ಕಾಗದದಿಂದ ಅದನ್ನು ಮರೆಮಾಡಿದ — ಹೀಗೆ ತೀರ್ಮಾನವಾಯಿತು. ನಾಗರಾಜ ಸಬ್ಸಿಡಿ ಹಿಂದಿರುಗಿಸಿದ. ಪೂರ್ತಿ ಮುಗಿಯುವವರೆಗೆ ನಿಲ್ಲದೆ ಸಹಿ ಹಾಕಿದ್ದಕ್ಕೆ ನನಗೊಂದು ಎಚ್ಚರಿಕೆಯ ಪತ್ರ ಬಂತು. ರೋಸ್ ಅವರ ಬಾವಿಯನ್ನು ಶಾಶ್ವತವಾಗಿ ಮುಚ್ಚಿದರು. ಅದನ್ನು ಮಾತ್ರ ತಳದಿಂದ ಬಾಯಿಯವರೆಗೆ, ಸರಿಯಾಗಿ. ಮ್ಯಾನುಯೆಲ್ ಲೈಸೆನ್ಸ್ ಕಳೆದುಕೊಂಡರು. ತಂದೆ ಕೊರೆದ ಬಾವಿಯನ್ನು ಮಗ ಕೆಡಿಸಿದ ಎಂಬ ಮಾತು ಆ ಕಸುಬಿನವರಲ್ಲಿ ಹರಡಿತು. ರೋಸ್ ಕೂಡ ಅದನ್ನೇ ನಂಬಿದರು, ನಂಬಿಕೊಂಡೇ ತೀರಿಹೋದರು.

ಕೆಲವು ವರ್ಷಗಳ ಮೇಲೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನ ಜೋಡಣೆಯೊಂದನ್ನು ಹುಡುಕುತ್ತಿದ್ದೆ. ಅಂಗಡಿಯ ಏಪ್ರನ್ ಹಾಕಿಕೊಂಡ ಒಬ್ಬರು ಹಿಂದಿನಿಂದ ಯಾವ ಅಳತೆ ಬೇಕು ಎಂದು ಕೇಳಿದರು. ತಿರುಗಿದೆ. ಮ್ಯಾನುಯೆಲ್. ಅವರಿಗೂ ಗುರುತು ಸಿಕ್ಕಿತು. ನಾನು ಅಳತೆ ಹೇಳಿದೆ. ಕೆಳಗಿನ ಡಬ್ಬದಿಂದ ಸರಿಯಾದದ್ದನ್ನೇ ತೆಗೆದುಕೊಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕು ಎಂದು ಕಾದೆ.

“ಆ ಅಜ್ಜಿ ಹೇಗಿದ್ದಾರೆ?” ಎಂದರು.

“ಊರಿನಲ್ಲಿದ್ದಾರೆ. ಚೆನ್ನಾಗಿದ್ದಾರೆ.”

“ನನಗೆ ತೆಂಗಿನಕಾಯಿ ಕೊಟ್ಟಿದ್ದರು,” ಎಂದು ಹೇಳಿ ಮುಂದಿನ ಗಿರಾಕಿಯ ಕಡೆ ಹೋದರು.

ಅಲ್ಲಿಯೇ ಹೇಳಬಹುದಾಗಿತ್ತು. ಆಗ ನನ್ನ ಗ್ರೀನ್ ಕಾರ್ಡ್ ಬಂದಾಗಿತ್ತು. ಹೆದರಲು ಕಾರಣವೇ ಉಳಿದಿರಲಿಲ್ಲ. ಆದರೂ ಹಣ ಕೊಟ್ಟು, ಚೀಟಿ ತೆಗೆದುಕೊಂಡು, ಹೊರಗೆ ಬಂದೆ. ಕಾರಣವಿಲ್ಲದೆಯೂ ಮನುಷ್ಯ — ಇಲ್ಲ, ಮನುಷ್ಯ ಎನ್ನಬಾರದು. ನಾನು. ಕಾರಣವಿಲ್ಲದೆಯೂ ನಾನು ಸುಮ್ಮನಿದ್ದೆ. ನನ್ನ ಹೆಂಡತಿಗೂ ಹೇಳಲಿಲ್ಲ.

ಹೋದ ವರ್ಷ ನಾಗರಾಜ ಹೃದಯಾಘಾತದಿಂದ ತೀರಿಕೊಂಡ. ಸುಧಾ ಈಗ ಬರ್ಕ್ಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ವಿಚಾರಣೆಯಾದ ಮೇಲೆ ಅವರು ನನ್ನೊಡನೆ ನೆಟ್ಟಗೆ ಮಾತಾಡಿದ್ದೇ ಇಲ್ಲ. ಯುಗಾದಿ ಊಟದಲ್ಲಿ ಎಲೆಗೆ ಒಬ್ಬಟ್ಟು ಹಾಕಿ, ‘ತುಪ್ಪ?’ ಎಂದೂ ಕೇಳದೆ ಮುಂದೆ ಹೋಗುತ್ತಿದ್ದರು. ವೈಕುಂಠ ಸಮಾರಾಧನೆಯ ದಿನ ಕೈ ತೊಳೆಯುವ ಕಡೆ ಇಬ್ಬರೇ ಎದುರಾದೆವು. ಆ ಶನಿವಾರ ನಾನು ಆಡಿದ ಮಾತು ಅವರಿಗೆ ಕೇಳಿಸಿತ್ತೇ ಎಂದು ಕೇಳಿದೆ. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದೆ.

“ಕೇಳಿಸ್ತು. ‘ಜವಾಬ್ದಾರಿ ನನ್ನದು’ ಅಂದ್ರಿ. ಫಾರ್ಮು ಬದಲಾಯಿಸ್ತೀನಿ ಅಂದಿದ್ದೂ ಕೇಳಿಸ್ತು,” ಎಂದರು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. “ಇವ್ರಿದ್ದಾಗ ನನ್ನ ಬಾಯಿ ಕಟ್ಟಿತ್ತು, ತಪ್ಪು ನಂದೂ ಇದೆ. ಈಗ ಯಾರಾದ್ರೂ ಕೇಳಿದ್ರೆ ಹೇಳ್ತೀನಿ ವಾಸು ಅವ್ರೆ. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ.”

ಅವರನ್ನು ಯಾರಾದರೂ ಕೇಳುವುದಕ್ಕೆ ಮೊದಲು ನಾನು ಹೇಳಬೇಕಿತ್ತು. ಅದೂ ತಡವಾಯಿತು, ಅವರು ಹೇಳುತ್ತೇನೆಂದ ಮೇಲೆ ನಾನು ಬರೆಯುತ್ತಿದ್ದೇನೆ ಎಂಬುದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು.

ನೀರಿನ ಕಚೇರಿಗೂ, ಲೈಸೆನ್ಸ್ ಕೊಡುವವರಿಗೂ ಇಂಗ್ಲಿಷಿನಲ್ಲಿ ಬರೆದ ಕಾಗದ ನನ್ನ ಮುಂದಿದೆ. ನಾನು ನಿಂತ ಜಾಗ, ಹೊತ್ತು, ಆಡಿದ ಮಾತು, ಆಡಿಲ್ಲ ಎಂದ ಮಾತು ಎಲ್ಲ ಅದರಲ್ಲಿದೆ. ಅದರ ಒಂದು ಪ್ರತಿಯನ್ನು ನಾಳೆ ಬೆಳಿಗ್ಗೆ ನಾನೇ ತೆಗೆದುಕೊಂಡು ಹೋಗಿ ಒಂದು ಮನೆಯ ಬಾಗಿಲು ತಟ್ಟುತ್ತೇನೆ. ವಿಳಾಸ ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಇಷ್ಟು ವರ್ಷವೂ ಹತ್ತು ನಿಮಿಷ ಹಿಡಿಯುತ್ತಿರಲಿಲ್ಲ.

ಆ ಶನಿವಾರ ಮೂರನೆಯ ಬೋರಿನ ಬಾಯಿ ತೆರೆದೇ ಇದ್ದದ್ದನ್ನು ಕಂಡವರು ಐವರು. ಗೌರಮ್ಮನವರು ಇಲ್ಲ. ನಾಗರಾಜ ಇಲ್ಲ. ನಾನಿದ್ದೇನೆ. ಸುಧಾ ಇದ್ದಾರೆ. ಎಪ್ಪತ್ತೈದು ದಾಟಿ, ಮಂಡಿ ನೋವಿನಿಂದ ಕೋಲು ಹಿಡಿದು, ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ, ಮ್ಯಾನುಯೆಲ್ ಇದ್ದಾರೆ.